ಮೊಟ್ಟೆ ಚಿಪ್ಪು, ಐಸು ಮತ್ತು ಮೂಳೆಯ ಸಾರವೆ

ಚಿಕ್ಕಪ್ಪನ ಕಾಲು ಸರಿಹೋಗಿ ಎಷ್ಟೋ ತಿಂಗಳಾದ ಮೇಲೂ ಸೊಂಟದ ನೋವು ಹೋಗಿರಲಿಲ್ಲ. ಬಿದ್ದಾಗ ಸೊಂಟಕ್ಕೆ ಏನೂ ಆಗಿರಲಿಲ್ಲ. ತೀರ್ಥಹಳ್ಳಿ ಕಡೆ ಮಳೆಗಾಲದಲ್ಲಿ ಬೈಕ್ ಜಾರಿ ಮೊಣಕಾಲ ಕೆಳಗಿನ ಮೂಳೆ ಮುರಿದಿತ್ತು, ಅಷ್ಟೇ. ರಾಡ್ ಹಾಕಿದರು. ಒಂಬತ್ತು ತಿಂಗಳಾದರೂ ಮುರಿದ ಎರಡು ತುದಿ ಕೂಡಲಿಲ್ಲ. ಎಕ್ಸ್‌ರೇ ತೆಗೆದಾಗಲೆಲ್ಲ ನಡುವೆ ಒಂದು ಕಪ್ಪು ಗೆರೆ ಹಾಗೇ ಇರುತ್ತಿತ್ತು. ಕೊನೆಗೆ ಇನ್ನೊಂದು ಆಪರೇಷನ್ ಮಾಡಿ, ಸೊಂಟದ ಮೂಳೆಯ ಅಂಚಿನಿಂದ ಒಂದಿಷ್ಟು ಕೆತ್ತಿ ತೆಗೆದು ಆ ಸಂದಿಗೆ ತುಂಬಿದರು. ಕಾಲು ಕೂಡಿತು. ನಾನು ನೋಡಲು ಹೋದಾಗ ಚಿಕ್ಕಪ್ಪ ಹೇಳಿದ್ದು ಇಷ್ಟು: "ಕಾಲಿಂದು ಬಿಡು ಮಾರಾಯ್ತಿ, ಈ ಸೊಂಟ ರಾತ್ರಿ ಮಗ್ಗುಲು ಬದಲಿಸೋಕೂ ಬಿಡೋದಿಲ್ಲ."

ಡಾಕ್ಟರು ಮಾಡಿದ್ದರಲ್ಲಿ ತಪ್ಪೇನೂ ಇಲ್ಲ. ಇವತ್ತಿಗೂ ಕೂಡದ ಮೂಳೆಗೆ ಎಲ್ಲಕ್ಕಿಂತ ಒಳ್ಳೆಯ ಮದ್ದು ಅಂದರೆ ರೋಗಿಯದೇ ಮೂಳೆ. ಅದರಲ್ಲಿ ಜೀವಂತ ಕೋಶಗಳಿರುತ್ತವೆ, ಹೊಸ ಮೂಳೆ ಕಟ್ಟಿ ಅಂತ ಹೇಳುವ ಪ್ರೋಟೀನುಗಳಿರುತ್ತವೆ, ಕೋಶಗಳು ಹಿಡಿದುಕೊಂಡು ಕೂರಲು ಜಾಗವೂ ಇರುತ್ತದೆ. ಆದರೆ ಒಂದು ಕಡೆ ಸರಿ ಮಾಡಲು ಇನ್ನೊಂದು ಕಡೆ ಗಾಯ ಮಾಡಬೇಕು. ಜಾಸ್ತಿ ಬೇಕೆಂದರೆ ಸಿಗುವುದೂ ಇಲ್ಲ.

ನಾನು ಆಗ ಬೆಂಗಳೂರಿನಲ್ಲಿ ಪಿಎಚ್‌ಡಿಗೆ ಸೇರಿ ವಿಷಯ ಹುಡುಕುತ್ತಿದ್ದೆ. ನಮ್ಮ ಲ್ಯಾಬಿನಲ್ಲಿ ಮೂಳೆಗೆ ಸ್ಕ್ಯಾಫೋಲ್ಡ್ ಮಾಡುವ ಕೆಲಸ ಮೊದಲೇ ನಡೆಯುತ್ತಿತ್ತು. ಊರಿಂದ ವಾಪಸ್ ಬಂದ ವಾರವೇ ಗೈಡ್ ಹತ್ತಿರ ಹೋಗಿ ನನಗೂ ಅದೇ ಬೇಕು ಅಂದೆ. ಈ ಕೆಲಸ ಹೇಗಿರುತ್ತದೆ, ದಿನಾ ಕೈಯಲ್ಲಿ ಏನು ಮಾಡುತ್ತೇವೆ ಅಂತ ಕನ್ನಡದಲ್ಲಿ ಓದಿದ ನೆನಪು ನನಗಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಸ್ಕ್ಯಾಫೋಲ್ಡ್ ಅಂದರೆ ಸಾರವೆ. ಗೋಡೆ ಕಟ್ಟುವಾಗ ಬಿದಿರಿನ ಗಳು ನಿಲ್ಲಿಸಿ ಕಟ್ಟುತ್ತಾರಲ್ಲ, ಅದೇ. ಮೂಳೆ ಇಲ್ಲದ ಜಾಗದಲ್ಲಿ ತೂತು ತೂತಾದ ಒಂದು ತುಂಡು ಇಡುವುದು, ದೇಹದ ಕೋಶಗಳು ಅದರೊಳಗೆ ಹೊಕ್ಕು ಮೂಳೆ ಕಟ್ಟುವುದು, ಮೂಳೆ ಬೆಳೆದ ಹಾಗೆ ಆ ತುಂಡು ನಿಧಾನಕ್ಕೆ ಕರಗಿ ಹೋಗುವುದು. 1993ರಲ್ಲಿ ರಾಬರ್ಟ್ ಲ್ಯಾಂಗರ್ ಮತ್ತು ಜೋಸೆಫ್ ವಕಾಂಟಿ 'ಸೈನ್ಸ್' ಪತ್ರಿಕೆಯಲ್ಲಿ ಟಿಶ್ಯೂ ಇಂಜಿನಿಯರಿಂಗ್, ಅಂದರೆ ಕೋಶಗಳಿಂದ ಅಂಗಾಂಶ ಬೆಳೆಸುವ ವಿದ್ಯೆಯ ಬಗ್ಗೆ ಬರೆದ ಲೇಖನವನ್ನು ನಮ್ಮಲ್ಲಿ ಹೊಸದಾಗಿ ಸೇರಿದವರಿಗೆಲ್ಲ ಮೊದಲ ದಿನವೇ ಕೊಡುತ್ತಾರೆ. ಓದಿದಾಗ ಎಲ್ಲ ಸುಲಭ ಅನ್ನಿಸುತ್ತದೆ.

ಮೂಳೆ ತೂಕದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಖನಿಜ. ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಸೇರಿದ ಹೈಡ್ರಾಕ್ಸಿಅಪಟೈಟ್ ಅನ್ನುವ ಜಾತಿಯದು. ಉಳಿದದ್ದರಲ್ಲಿ ಹೆಚ್ಚಿನದು ಕೊಲಾಜನ್ ಮತ್ತು ನೀರು. ನಾವು ಅದನ್ನೇ ಸ್ವಲ್ಪ ಅನುಕರಿಸುತ್ತೇವೆ. ಖನಿಜಕ್ಕೆ ಹೈಡ್ರಾಕ್ಸಿಅಪಟೈಟ್ ಪುಡಿ. ಕೊಲಾಜನ್ ಜಾಗಕ್ಕೆ ಜೆಲಾಟಿನ್, ಅದು ಕೊಲಾಜನ್ನನ್ನು ಒಡೆದು ತೆಗೆದದ್ದೇ. ಹಿಡಿದು ನಿಲ್ಲಿಸಲು ಸೀಗಡಿ ಸಿಪ್ಪೆಯಿಂದ ತೆಗೆದ ಕೈಟೋಸಾನ್.

ಪುಡಿಯನ್ನು ಕೊಂಡು ತರಬಹುದು. ಆದರೆ ಶುದ್ಧವಾದದ್ದಕ್ಕೆ ಬೆಲೆ ಜಾಸ್ತಿ. ಮೊಟ್ಟೆ ಚಿಪ್ಪಿನಿಂದ ಮಾಡೋಣ ಅಂತ ಗೈಡ್ ಹೇಳಿದರು. ಚಿಪ್ಪಿನ ನೂರರಲ್ಲಿ 94 ಪಾಲಿಗಿಂತ ಜಾಸ್ತಿ ಕ್ಯಾಲ್ಸಿಯಂ ಕಾರ್ಬೊನೇಟ್. ಜೊತೆಗೆ ಚೂರು ಮೆಗ್ನೀಸಿಯಂ, ಸ್ಟ್ರಾನ್ಷಿಯಂ ಇರುತ್ತವೆ, ಅವು ನಮ್ಮ ಮೂಳೆಯಲ್ಲೂ ಇವೆ. ಹಾಸ್ಟೆಲ್ ಮೆಸ್ಸಿನ ಅಣ್ಣನಿಗೆ ಒಂದು ಬಕೆಟ್ ಕೊಟ್ಟು ಬಂದೆ. ಆಮ್ಲೆಟ್ ಮಾಡಿದ ದಿನ ಚಿಪ್ಪೆಲ್ಲ ಅದಕ್ಕೇ ಬೀಳುತ್ತಿತ್ತು.

ಚಿಪ್ಪಿನ ಒಳಗೆ ಒಂದು ತೆಳು ಪೊರೆ ಇರುತ್ತದೆ, ಅದನ್ನು ಬಿಡಿಸುವುದೇ ದೊಡ್ಡ ಕೆಲಸ. ಕುದಿಸಿ, ಬೆರಳಲ್ಲಿ ಎಳೆದು ತೆಗೆದು, ತೊಳೆದು, ಒಣಗಿಸಿ, ಪುಡಿ ಮಾಡಿ ಫರ್ನೇಸಿನಲ್ಲಿ 900 ಡಿಗ್ರಿಗೆ ಇಟ್ಟೆ. ಎಷ್ಟು ಬಿಡಿಸಿದರೂ ಒಂದಿಷ್ಟು ಪೊರೆ ಉಳಿದೇ ಇರುತ್ತದೆ. ಬಿಸಿ ಏರುವಾಗ ಕೂದಲು ಸುಟ್ಟ ವಾಸನೆ ಬಂದು ಪಕ್ಕದ ರೂಮಿನವರು ಬಂದು ಕೇಳಿದರು. ನಡುವೆ ಒಮ್ಮೆ ತೆಗೆದು ನೋಡಿದರೆ ಪುಡಿ ಕಪ್ಪಗಿತ್ತು. ಪೂರ್ತಿ ಸುಟ್ಟ ಮೇಲೆ ಮಲ್ಲಿಗೆಯಷ್ಟು ಬೆಳ್ಳಗೆ. 100 ಗ್ರಾಂ ಹಾಕಿದರೆ ಸುಮಾರು 55 ಗ್ರಾಂ ಸಿಗುತ್ತದೆ, ಉಳಿದದ್ದು ಇಂಗಾಲದ ಡೈಆಕ್ಸೈಡ್ ಆಗಿ ಹೋಗುತ್ತದೆ.

ಕೈಯಲ್ಲಿರುವುದು ಈಗ ಸುಟ್ಟ ಸುಣ್ಣ. ಕರಾವಳಿಯಲ್ಲಿ ಕಪ್ಪೆಚಿಪ್ಪು ಸುಟ್ಟು ಮಾಡುತ್ತಿದ್ದ ಸುಣ್ಣವೂ ಇದೇ. ಅದಕ್ಕೆ ನೀರು ಹಾಕಿದಾಗ ಚುಯ್ ಅಂತ ಸದ್ದು ಬಂದು, ಬೀಕರ್ ಹಿಡಿಯಲಾಗದಷ್ಟು ಬಿಸಿಯಾಗಿ, ಪುಡಿ ಉಬ್ಬಿ ಅರಳುತ್ತದೆ. ಕನ್ನಡಕ, ಗ್ಲೌಸ್ ಇಲ್ಲದೆ ಇದರ ಹತ್ತಿರ ಹೋಗಬೇಡಿ. ಕಣ್ಣಿಗೆ ಸಿಡಿದರೆ ಕಷ್ಟ. ಅರಳಿದ ಸುಣ್ಣದ ಹಾಲಿಗೆ ಫಾಸ್ಫಾರಿಕ್ ಆಸಿಡನ್ನು ಬ್ಯುರೆಟ್ಟಿನಿಂದ ಹನಿ ಹನಿಯಾಗಿ ಬಿಡಬೇಕು. ಲೆಕ್ಕ ಸರಳ. 10 ಕ್ಯಾಲ್ಸಿಯಂಗೆ 6 ಫಾಸ್ಫರಸ್, ಭಾಗಿಸಿದರೆ 1.67. ಈ ಸಂಖ್ಯೆ ನಮ್ಮ ಲ್ಯಾಬಿನಲ್ಲಿ ಎಲ್ಲರಿಗೂ ಬಾಯಿಪಾಠ. ಹನಿ ಬೀಳುವಾಗ ಪಿಎಚ್ ಕ್ಷಾರದ ಕಡೆಗೇ ಇರಬೇಕು, ಅವಸರ ಮಾಡಿ ಆಸಿಡ್ ಸುರಿದರೆ ಬೇರೆ ಜಾತಿಯ ಫಾಸ್ಫೇಟ್‌ಗಳು ಬಂದುಬಿಡುತ್ತವೆ. ಮೂರು ತಾಸು ಆ ಬ್ಯುರೆಟ್ ಪಕ್ಕ ನಿಂತಿದ್ದೆ. ರಾತ್ರಿಯಿಡೀ ಹಾಗೇ ಬಿಟ್ಟರೆ ಬೆಳಗ್ಗೆ ತಳದಲ್ಲಿ ದೋಸೆ ಹಿಟ್ಟಿನ ಹಾಗೆ ಬೆಳ್ಳಗೆ, ನುಣ್ಣಗೆ ಕೂತಿತ್ತು. ಸೋಸಿ, ತೊಳೆದು, ಒಣಗಿಸಿ, ಮತ್ತೆ ಫರ್ನೇಸಿಗೆ ಇಟ್ಟೆ.

ಮೊದಲ ತಪ್ಪು ಇಲ್ಲೇ ಆಗಿತ್ತು. ನನಗೆ ಗೊತ್ತಾಗಿದ್ದು ಎರಡು ವಾರದ ನಂತರ.

ಕೈಟೋಸಾನ್ ಸುಮ್ನೆ ನೀರಿನಲ್ಲಿ ಕರಗುವುದಿಲ್ಲ, ಸ್ವಲ್ಪ ಅಸಿಟಿಕ್ ಆಸಿಡ್ ಹಾಕಿದ ನೀರು ಬೇಕು. ವಿನಿಗರ್‌ನಲ್ಲಿ ಇರುತ್ತದಲ್ಲ, ಅದೇ. ರಾತ್ರಿಯಿಡೀ ತಿರುಗಿಸಿದರೆ ಜೋನಿ ಬೆಲ್ಲದ ಹಾಗೆ ಗಟ್ಟಿಯಾಗಿ, ತಿಳಿ ಹಳದಿ ಬಣ್ಣಕ್ಕೆ ಬರುತ್ತದೆ. ಅದಕ್ಕೆ ಜೆಲಾಟಿನ್ ಸೇರಿಸಿ, ನನ್ನ ಪುಡಿಯನ್ನು ಉದುರಿಸುತ್ತಾ ಬಂದೆ. ಒಂದೆರಡು ನಿಮಿಷ ಚೆನ್ನಾಗಿಯೇ ಇತ್ತು. ಆಮೇಲೆ ನೋಡ ನೋಡುತ್ತಿದ್ದಂತೆ ಹಾಲು ಒಡೆದ ಹಾಗೆ ಗಂಟು ಗಂಟಾಯಿತು. ಒಂದು ಕಡೆ ನೀರು, ಒಂದು ಕಡೆ ಬಿಳಿ ಬಿಳಿ ಮುದ್ದೆ. ಸ್ಟಿರರ್ ಜಾಸ್ತಿ ಮಾಡಿದರೂ ಸರಿಹೋಗಲಿಲ್ಲ. ಪಿಎಚ್ ಅಳೆದರೆ 7ರ ಹತ್ತಿರ. ಕೈಟೋಸಾನ್ ಕರಗಿರುವುದು ಪಿಎಚ್ ಸುಮಾರು 6.3ರ ಒಳಗಿದ್ದರೆ ಮಾತ್ರ, ಅದನ್ನು ದಾಟಿದರೆ ಹೊರಗೆ ಬಂದುಬಿಡುತ್ತದೆ. ಅಂದರೆ ನನ್ನ ಪುಡಿ ಆಸಿಡನ್ನು ತಿಂದು ಹಾಕುತ್ತಿತ್ತು. ಹೈಡ್ರಾಕ್ಸಿಅಪಟೈಟ್ ಅಷ್ಟು ಬೇಗ ಹಾಗೆ ಮಾಡುವುದಿಲ್ಲ. ಸುಣ್ಣ ಮಾಡುತ್ತದೆ.

ಪುಡಿಯ ಎಕ್ಸ್‌ಆರ್‌ಡಿ ಗ್ರಾಫ್ ಮತ್ತೆ ತೆಗೆದು ನೋಡಿದೆ. ಎಕ್ಸ್‌ರೇ ಹಾಯಿಸಿ, ಅದು ಯಾವ ಕೋನಕ್ಕೆ ಚದುರುತ್ತದೆ ಅನ್ನುವುದರಿಂದ ಪುಡಿಯಲ್ಲಿ ಯಾವ ಹರಳು ಇದೆ ಅಂತ ತಿಳಿಯುವ ಪರೀಕ್ಷೆ ಅದು. 31.8 ಡಿಗ್ರಿ ಕೋನದ ಹತ್ತಿರ ಹೈಡ್ರಾಕ್ಸಿಅಪಟೈಟಿನ ಎತ್ತರದ ಶಿಖರ ಸರಿಯಾಗಿ ಇತ್ತು, ಅದನ್ನು ನೋಡಿ ಸಮಾಧಾನ ಪಟ್ಟು ಬಿಟ್ಟುಬಿಟ್ಟಿದ್ದೆ. 37.4ರ ಹತ್ತಿರ ಇನ್ನೊಂದು ಸಣ್ಣ ಮೊಳಕೆ ಇತ್ತು. ಅದು ಸುಣ್ಣದ್ದು. ಚಿಪ್ಪನ್ನು ದಪ್ಪ ದಪ್ಪ ಪುಡಿ ಮಾಡಿದ್ದರಿಂದ ಪ್ರತಿ ಕಾಳಿನ ಹೊರಗಡೆ ಹೈಡ್ರಾಕ್ಸಿಅಪಟೈಟ್ ಆಗಿ, ಅದೇ ಕವಚದ ಹಾಗೆ ಕೂತು, ಒಳಗಿನ ಸುಣ್ಣಕ್ಕೆ ಆಸಿಡ್ ತಲುಪಿರಲಿಲ್ಲ. ಮುಂದಿನ ಸಲ ಚೆನ್ನಾಗಿ ಅರೆದು, ಸಣ್ಣ ಜರಡಿ ಹಿಡಿದು, ಆಸಿಡ್ ಇನ್ನೂ ನಿಧಾನಕ್ಕೆ ಬಿಟ್ಟೆ. ಆ ಮೊಳಕೆ ಹೋಯಿತು. ಆ ಎರಡು ವಾರ ಹೋದದ್ದಕ್ಕೆ ಬೇಜಾರಿಲ್ಲ. ಆ ಬೀಕರಿನಲ್ಲಿ ಮಿಶ್ರಣ ಒಡೆಯದೆ ಇದ್ದಿದ್ದರೆ ಸುಣ್ಣ ಉಳಿದ ಪುಡಿಯನ್ನೇ ಕೊನೆಯ ತನಕ ಹಿಡಿದುಕೊಂಡು ಹೋಗುತ್ತಿದ್ದೆ.

ಇಲ್ಲಿಂದ ಮುಂದಿನದು ನನಗೆ ತುಂಬಾ ಇಷ್ಟವಾದ ಭಾಗ. ತೂತು ಮಾಡುವುದು.

ಚಿಕ್ಕವರಿದ್ದಾಗ ಐಸ್ ಕ್ಯಾಂಡಿ ಚೀಪಿದ್ದೀರಲ್ವಾ? ಜೋರಾಗಿ ಚೀಪಿದರೆ ಬಣ್ಣ, ಸಿಹಿ ಎಲ್ಲ ಬಾಯಿಗೆ ಬಂದು ಕಡ್ಡಿಯಲ್ಲಿ ಬಿಳಿ ಐಸ್ ಮಾತ್ರ ಉಳಿಯುತ್ತದೆ. ನೀರು ಹೆಪ್ಪುಗಟ್ಟುವಾಗ ತನ್ನ ಹರಳಿನೊಳಗೆ ಬೇರೆ ಯಾವುದನ್ನೂ ಸೇರಿಸಿಕೊಳ್ಳುವುದಿಲ್ಲ. ಸಕ್ಕರೆ, ಬಣ್ಣ ಎಲ್ಲವನ್ನೂ ಪಕ್ಕಕ್ಕೆ ತಳ್ಳುತ್ತದೆ, ಅವು ಐಸ್ ಹರಳುಗಳ ಸಂದಿಯಲ್ಲಿ ಸೇರಿಕೊಳ್ಳುತ್ತವೆ. ನಮ್ಮ ಕೈಟೋಸಾನ್ ಮಿಶ್ರಣ ಹೆಪ್ಪುಗಟ್ಟಿದಾಗಲೂ ಅದೇ ಆಗುತ್ತದೆ. ಐಸ್ ಹರಳುಗಳು ಬೆಳೆಯುತ್ತಾ ಕೈಟೋಸಾನ್, ಜೆಲಾಟಿನ್, ಪುಡಿ ಮೂರನ್ನೂ ಅಂಚಿಗೆ ಒತ್ತಿ ಗೋಡೆ ಕಟ್ಟುತ್ತವೆ. ಆಮೇಲೆ ಐಸನ್ನು ಕರಗಿಸದೆ, ಕರ್ಪೂರ ಆರಿಹೋಗುವ ಹಾಗೆ ನೇರ ಆವಿ ಮಾಡಿ ತೆಗೆದರೆ, ಗೋಡೆ ಉಳಿಯುತ್ತದೆ, ಐಸ್ ಇದ್ದ ಜಾಗ ತೂತಾಗುತ್ತದೆ. ಐಸೇ ಅಚ್ಚು. ಐಸ್ ಹರಳು ಎಷ್ಟು ದಪ್ಪವೋ ತೂತು ಅಷ್ಟೇ ದಪ್ಪ.

ಮೊದಲ ಸಲ ನಾನು ಮಾದರಿಗಳನ್ನು ಮೈನಸ್ 80 ಡಿಗ್ರಿಯ ಫ್ರೀಜರಿಗೆ ಇಟ್ಟೆ. ಬೇಗ ಗಟ್ಟಿಯಾಗುತ್ತದಲ್ಲ ಅಂತ. ಎರಡು ದಿನ ಫ್ರೀಜ್ ಡ್ರೈಯರಿನಲ್ಲಿ, ಅಂದರೆ ನಿರ್ವಾತದಲ್ಲಿ ಐಸನ್ನು ನೇರ ಆವಿ ಮಾಡುವ ಯಂತ್ರದಲ್ಲಿ, ಒಣಗಿಸಿ ತೆಗೆದರೆ ಚೆಂದದ ಬಿಳಿ ಬಿಲ್ಲೆಗಳು, ಕೈಗೆ ತೂಕವೇ ಇಲ್ಲ. ಖುಷಿಯಿಂದ ಸೆಮ್‌ಗೆ, ಅಂದರೆ ಎಲೆಕ್ಟ್ರಾನ್ ಮೈಕ್ರೋಸ್ಕೋಪಿಗೆ ತೆಗೆದುಕೊಂಡು ಹೋದೆ. ಇದರಲ್ಲಿ ವಿದ್ಯುತ್ ಹರಿಯುವುದಿಲ್ಲವಾದ್ದರಿಂದ ಮೇಲೆ ತೆಳ್ಳಗೆ ಚಿನ್ನ ಬಳಿಯುತ್ತಾರೆ. ಪರದೆ ಮೇಲೆ ಬಂದದ್ದು ನೋಡಿ ಮನಸ್ಸು ಇಳಿದುಹೋಯಿತು. ತೂತುಗಳು ಇದ್ದವು. ಹೆಚ್ಚಿನವು 30, 40 ಮೈಕ್ರಾನ್. ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ಮೂಳೆ ಕಟ್ಟುವ ಕೋಶವೇ 20 ಮೈಕ್ರಾನಿನ ಆಸುಪಾಸು ಇರುತ್ತದೆ. ಕೋಶ ಒಳಗೆ ಹೋಗಿ, ಅದರ ಹಿಂದೆ ರಕ್ತನಾಳವೂ ಹೋಗಬೇಕು ಅಂದರೆ ಕಡಿಮೆ ಎಂದರೂ 100 ಮೈಕ್ರಾನ್ ಬೇಕು. 300 ದಾಟಿದರೆ ಇನ್ನೂ ಒಳ್ಳೆಯದು ಅಂತ 2005ರಲ್ಲಿ ಕರಜಾರ್ಜಿಯು ಮತ್ತು ಕ್ಯಾಪ್ಲಾನ್ ಬರೆದ ವಿಮರ್ಶಾ ಲೇಖನದಲ್ಲಿದೆ, ಈ ಕ್ಷೇತ್ರದಲ್ಲಿ ಅದನ್ನು ಓದದವರು ಇಲ್ಲ. ಬೇಗ ತಂಪು ಮಾಡಿದರೆ ಒಂದೇ ಸಲಕ್ಕೆ ಸಾವಿರಾರು ಕಡೆ ಐಸ್ ಹುಟ್ಟುತ್ತದೆ, ಯಾವುದಕ್ಕೂ ದೊಡ್ಡದಾಗಿ ಬೆಳೆಯಲು ಜಾಗ ಸಿಗುವುದಿಲ್ಲ. ನಿಧಾನಕ್ಕೆ ತಂಪು ಮಾಡಿದರೆ ಹುಟ್ಟುವುದು ಕಡಿಮೆ, ಬೆಳೆಯುವುದು ಜಾಸ್ತಿ.

ಆಮೇಲೆ ಮೈನಸ್ 20ಕ್ಕೆ ಬಂದೆ. ತೂತು ದೊಡ್ಡದಾಯಿತು. ಆದರೆ ಇನ್ನೊಂದು ತೊಂದರೆ. ತೂತುಗಳು ಒಂದಕ್ಕೊಂದು ಸರಿಯಾಗಿ ಸೇರಿರಲಿಲ್ಲ. ಸೆಟ್ ದೋಸೆ ಮೇಲೆ ತೂತು ಎಷ್ಟಿದ್ದರೂ ಒಂದರಿಂದ ಇನ್ನೊಂದಕ್ಕೆ ದಾರಿ ಇರುವುದಿಲ್ಲ ನೋಡಿ, ಹಾಗೆ. ಕೋಶಕ್ಕೆ ಕೋಣೆ ಸಾಲದು, ಬಾಗಿಲೂ ಬೇಕು. ಸೀನಿಯರ್ ಒಬ್ಬರು ಒಂದು ಉಪಾಯ ಹೇಳಿಕೊಟ್ಟರು. ಅಚ್ಚಿನ ತಳಕ್ಕೆ ಅಲ್ಯೂಮಿನಿಯಂ ತಗಡು, ಸುತ್ತ ಮತ್ತು ಮೇಲೆ ಥರ್ಮೋಕೋಲ್. ತಂಪು ತಳದಿಂದ ಮಾತ್ರ ಒಳಗೆ ಬರುತ್ತದೆ. ಆಗ ಐಸ್ ಕೆಳಗಿನಿಂದ ಮೇಲಕ್ಕೆ ಗರಿಕೆ ಹುಲ್ಲಿನ ಹಾಗೆ ಎದ್ದು ನಿಲ್ಲುತ್ತದೆ. ಹಳೆಯ ಟಿವಿ ಡಬ್ಬದ ಥರ್ಮೋಕೋಲ್ ಕತ್ತರಿಸಿ, ಸೆಲ್ಲೋಟೇಪ್ ಸುತ್ತಿ ಮಾಡಿದ ಆ ಪೆಟ್ಟಿಗೆ ಈಗಲೂ ನಮ್ಮ ಫ್ರೀಜರಿನಲ್ಲಿದೆ. ಅದರಿಂದ ಬಂದ ಬಿಲ್ಲೆಯನ್ನು ಉದ್ದಕ್ಕೆ ಸೀಳಿ ಸೆಮ್‌ನಲ್ಲಿ ನೋಡಿದಾಗ ಕೆಳಗಿನಿಂದ ಮೇಲಿನ ತನಕ ಕೊಳವೆ ಕೊಳವೆಯಾಗಿ ದಾರಿಗಳು ಕಾಣಿಸಿದವು, ಗೋಡೆಗಳ ಮೇಲೆ ಅಲ್ಲಲ್ಲಿ ಹೈಡ್ರಾಕ್ಸಿಅಪಟೈಟಿನ ಕಾಳುಗಳು ಅಂಟಿಕೊಂಡಿದ್ದವು, ಅಗಲ 150ರಿಂದ 250 ಮೈಕ್ರಾನ್. ಸೆಮ್ ನಡೆಸುವವರು "ಇನ್ನೊಂದು ಫೋಟೋ ಬೇಕಾ?" ಅಂತ ಕೇಳಿದರು. ನನಗೆ ಗಂಟಲು ಕಟ್ಟಿ ಮಾತು ಬರಲಿಲ್ಲ.

ಅದೇ ತಿಂಗಳು ಒಂದು ರಾತ್ರಿ ಕರೆಂಟ್ ಹೋಯಿತು. ಫ್ರೀಜ್ ಡ್ರೈಯರಿನಲ್ಲಿ ಹನ್ನೆರಡು ಬಿಲ್ಲೆ ಇದ್ದವು, ಮೂವತ್ತು ತಾಸು ಆಗಿತ್ತು. ಬ್ಯಾಕಪ್ ಯಾಕೋ ಕೆಲಸ ಮಾಡಲಿಲ್ಲ. ನಿರ್ವಾತ ಇಳಿದುಹೋಗಿ ಒಳಗೆ ಉಳಿದಿದ್ದ ಐಸ್ ನೀರಾಯಿತು. ಬೆಳಗ್ಗೆ ತೆಗೆದಾಗ ಎಲ್ಲವೂ ಹಪ್ಪಳದ ಹಾಗೆ ಚಪ್ಪಟೆಯಾಗಿ ತಳಕ್ಕೆ ಅಂಟಿದ್ದವು. ನೀರು ದ್ರವವಾದ ಕೂಡಲೇ ಗೋಡೆಗಳನ್ನು ಒಳಗೆ ಎಳೆದುಕೊಂಡುಬಿಡುತ್ತದೆ. ಅವತ್ತು ಮತ್ತೆ ಕೈಟೋಸಾನ್ ತೂಗಿ ಸ್ಟಿರರ್ ಮೇಲಿಟ್ಟು ಹಾಸ್ಟೆಲ್‌ಗೆ ಬಂದು ಮಲಗಿದೆ.

ಒಣಗಿದ ಬಿಲ್ಲೆ ನೀರಿಗೆ ಹಾಕಿದರೆ ಉಳಿಯುವುದಿಲ್ಲ. ಒಳಗೆ ಅಸಿಟಿಕ್ ಆಸಿಡ್ ಇನ್ನೂ ಇರುತ್ತದೆ, ಜೆಲಾಟಿನ್ ದೇಹದ ಬಿಸಿಗೇ ಕರಗಿಹೋಗುತ್ತದೆ. ಅದಕ್ಕೆ ಜೆನಿಪಿನ್ ಹಾಕಿ ಎಳೆಗಳನ್ನು ಒಂದಕ್ಕೊಂದು ಹೆಣೆಯುತ್ತೇವೆ. ಗಾರ್ಡೇನಿಯಾ ಗಿಡದ ಹಣ್ಣಿನಿಂದ ಬರುವ ವಸ್ತು ಅದು. ಇದೇ ಕೆಲಸಕ್ಕೆ ಗ್ಲುಟರಾಲ್ಡಿಹೈಡ್ ಅಗ್ಗ, ಆದರೆ ಚೂರು ಉಳಿದರೂ ಕೋಶಗಳಿಗೆ ವಿಷ. ಜೆನಿಪಿನ್ ಹಾಕಿದ ಬಿಲ್ಲೆ ಮೊದಲು ತಿಳಿ ಹಸಿರು, ಮರುದಿನಕ್ಕೆ ಬಿಳಿ ಬಟ್ಟೆಗೆ ಹಾಕುವ ನೀಲಿಯ ಹಾಗೆ ಕಡು ನೀಲಿ. ಮೊದಲ ಸಲ ನೋಡಿದವರು ಗಾಬರಿಯಾಗುತ್ತಾರೆ. ಸರಿಯಾಗಿ ಹೆಣೆದುಕೊಂಡಿದೆ ಅನ್ನುವುದಕ್ಕೆ ಅದೇ ಗುರುತು. ಆಮೇಲೆ ಕ್ಷಾರದಲ್ಲಿ ನೆನೆಸಿ, ಆಸಿಡ್ ಪೂರ್ತಿ ಹೋಗುವ ತನಕ ತೊಳೆಯಬೇಕು. ನಾನು ಒಂದು ಬ್ಯಾಚನ್ನು ಎರಡು ಸಲ ಕಡಿಮೆ ತೊಳೆದೆ. ಕೋಶಗಳಿಗೆ ಕೊಡುವ ಕೆಂಪು ದ್ರವ ಇರುತ್ತದಲ್ಲ, ಅದು ಆಸಿಡ್ ಸಿಕ್ಕರೆ ಹಳದಿಯಾಗುತ್ತದೆ. ಬಿಲ್ಲೆ ಹಾಕಿ ಅರ್ಧ ತಾಸಿಗೆ ಅರಿಶಿನದ ನೀರಿನ ಹಾಗಾಯಿತು. ಮರುದಿನ ಮೈಕ್ರೋಸ್ಕೋಪಿನಲ್ಲಿ ಕೋಶಗಳೆಲ್ಲ ಗುಂಡಗಾಗಿ ತೇಲುತ್ತಿದ್ದವು. ಸತ್ತಿದ್ದವು.

ಕೋಶಗಳ ಬಗ್ಗೆ ಒಂದು ಮಾತು. ನಾವು ಬಳಸುವುದು ಎಂಜಿ-63 ಅನ್ನುವ ಕೋಶಗಳನ್ನು, ಪುಣೆಯ ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರದಿಂದ ತರಿಸಿದ್ದು. 14 ವರ್ಷದ ಒಬ್ಬ ಹುಡುಗನಿಗೆ ಮೂಳೆ ಕ್ಯಾನ್ಸರ್ ಆಗಿತ್ತು, ಆ ಗಡ್ಡೆಯಿಂದ 1970ರ ದಶಕದಲ್ಲಿ ಬೆಳೆಸಿದ ಕೋಶಗಳು ಇವು. ಪ್ರಪಂಚದಾದ್ಯಂತ ಲ್ಯಾಬುಗಳಲ್ಲಿ ಇವತ್ತಿಗೂ ಬೆಳೆಯುತ್ತಲೇ ಇವೆ. 37 ಡಿಗ್ರಿ, ನೂರಕ್ಕೆ 5 ಪಾಲು ಇಂಗಾಲದ ಡೈಆಕ್ಸೈಡ್ ಇರುವ ಇನ್‌ಕ್ಯುಬೇಟರಿನ ಬಾಗಿಲು ತೆಗೆದಾಗಲೆಲ್ಲ ನನಗೆ ಆ ಹುಡುಗನ ನೆನಪಾಗುತ್ತದೆ. ಹೆಸರು ಗೊತ್ತಿಲ್ಲ, ಮುಖ ಗೊತ್ತಿಲ್ಲ. ಅವನ ಕೋಶಗಳನ್ನು ಬೇಕಾಬಿಟ್ಟಿ ಸಾಯಿಸಬಾರದು ಅಂತ ಅವತ್ತಿನಿಂದ ತೊಳೆಯುವುದರಲ್ಲಿ ಒಂದು ಸಲವೂ ಅವಸರ ಮಾಡಿಲ್ಲ.

ಕೋಶ ಹಾಕುವ ಮೊದಲು ಇನ್ನೊಂದು ಪರೀಕ್ಷೆ ಇದೆ. ರಕ್ತದಲ್ಲಿ ಇರುವಷ್ಟೇ ಲವಣಗಳು ಇರುವ ನೀರನ್ನು ನಾವೇ ತಯಾರಿಸಿ ಬಿಲ್ಲೆಯನ್ನು ಅದರಲ್ಲಿ ಇಡುವುದು. ಎಸ್‌ಬಿಎಫ್ ಅನ್ನುತ್ತೇವೆ. ಜಪಾನಿನ ತಡಾಶಿ ಕೊಕುಬೊ ಹೇಳಿಕೊಟ್ಟ ವಿಧಾನ. 36.5 ಡಿಗ್ರಿ, ಪಿಎಚ್ 7.4, ಗಾಜಿನ ಬದಲು ಪ್ಲಾಸ್ಟಿಕ್ ಬಾಟಲಿ, ಯಾಕೆಂದರೆ ಗಾಜಿನ ಗೀರುಗಳ ಮೇಲೂ ಅಪಟೈಟ್ ಕಟ್ಟಿಬಿಡುತ್ತದೆ. ಲವಣಗಳನ್ನು ಹೇಳಿದ ಕ್ರಮದಲ್ಲೇ ಹಾಕಬೇಕು. ಒಂದು ದಿನ ಮಾತಾಡುತ್ತಾ ಕ್ಯಾಲ್ಸಿಯಂ ಕ್ಲೋರೈಡನ್ನು ಆಸಿಡ್‌ಗಿಂತ ಮೊದಲೇ ಹಾಕಿದೆ, ಲೀಟರು ನೀರು ಮೊಸರು ನೀರಾಯಿತು, ಚೆಲ್ಲಿ ಮತ್ತೆ ಶುರು ಮಾಡಿದೆ. ಸರಿಯಾಗಿ ಮಾಡಿದ ನೀರಿನಲ್ಲಿ 14 ದಿನ ಇಟ್ಟ ಬಿಲ್ಲೆಯ ಗೋಡೆಗಳ ಮೇಲೆ ಹೂಕೋಸಿನ ಹಾಗೆ ಹೊಸ ಅಪಟೈಟ್ ಕಟ್ಟಿತ್ತು. ಮೂಳೆ ಈ ವಸ್ತುವನ್ನು ಒಪ್ಪಬಹುದು ಅನ್ನುವುದಕ್ಕೆ ಅದು ಒಳ್ಳೆಯ ಸೂಚನೆ, ಆದರೆ ಸೂಚನೆ ಮಾತ್ರ.

ಈ ಒಪ್ಪುವ ವಿಷಯದ ಹಿಂದೆ ಒಂದು ಕಥೆ ಇದೆ. 1967ರಲ್ಲಿ ಅಮೆರಿಕದ ವಿಜ್ಞಾನಿ ಲ್ಯಾರಿ ಹೆಂಚ್ ಬಸ್ಸಿನಲ್ಲಿ ಹೋಗುವಾಗ ಪಕ್ಕದಲ್ಲಿ ವಿಯೆಟ್ನಾಂ ಯುದ್ಧದಿಂದ ಬಂದ ಸೇನಾಧಿಕಾರಿಯೊಬ್ಬರು ಕೂತಿದ್ದರಂತೆ. ನಾವು ಹಾಕುವ ಲೋಹ, ಪ್ಲಾಸ್ಟಿಕ್ ಎಲ್ಲವನ್ನೂ ದೇಹ ಹೊರಗೆ ತಳ್ಳುತ್ತದೆ, ತಳ್ಳದ ವಸ್ತು ಮಾಡಲು ಆಗುತ್ತದಾ ಅಂತ ಅವರು ಕೇಳಿದ್ದು. 1969ರಲ್ಲಿ ಹೆಂಚ್ ಮಾಡಿದ ಗಾಜನ್ನು ಇಲಿಯ ತೊಡೆಮೂಳೆಗೆ ಹಾಕಿ ಆರು ವಾರ ಬಿಟ್ಟು ತೆಗೆಯಲು ನೋಡಿದರೆ ಬರಲೇ ಇಲ್ಲ, ಮೂಳೆಗೆ ಬೆಸೆದುಕೊಂಡಿತ್ತು. ಅದೇ ಬಯೋಗ್ಲಾಸ್. ನಮ್ಮ ದೇಶದಲ್ಲಿ ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆ ಹೈಡ್ರಾಕ್ಸಿಅಪಟೈಟ್ ಮತ್ತು ಬಯೋಗ್ಲಾಸ್ ಸೇರಿಸಿ ಮೂಳೆಯ ಸಂದಿಗೆ ತುಂಬುವ ವಸ್ತು ಮಾಡಿದೆ.

ಸರಿ, ಕೋಶ ಹಾಕಿದ್ದಕ್ಕೆ ಬರುತ್ತೇನೆ. ಮೊದಲು ಮಾಡಿದ ಸಣ್ಣ ತೂತಿನ ಬಿಲ್ಲೆಗಳನ್ನು ಎಸೆದಿರಲಿಲ್ಲ. ಅವನ್ನೂ, ದೊಡ್ಡ ತೂತಿನವನ್ನೂ ಅಕ್ಕಪಕ್ಕ ಇಟ್ಟು ಒಂದೇ ದಿನ ಒಂದೇ ಸಂಖ್ಯೆಯ ಕೋಶ ಹಾಕಿದೆ. ಏಳನೇ ದಿನ ಎಂಟಿಟಿ ಮಾಡಿದೆ. ಬದುಕಿರುವ ಕೋಶಗಳು ಹಳದಿ ಬಣ್ಣವನ್ನು ನೇರಳೆ ಮಾಡುತ್ತವೆ, ಎಷ್ಟು ನೇರಳೆಯೋ ಅಷ್ಟು ಕೋಶ. ಎರಡರಲ್ಲೂ ಸುಮಾರು ಒಂದೇ ಸಂಖ್ಯೆ ಬಂತು. ಸಂಖ್ಯೆ ಮಾತ್ರ ನೋಡಿದ್ದರೆ ತೂತಿಗಾಗಿ ಪಟ್ಟ ಕಷ್ಟವೆಲ್ಲ ಬೇಡವಾಗಿತ್ತು ಅನ್ನಿಸುತ್ತಿತ್ತು. ಆದರೆ ಬಿಲ್ಲೆಗಳನ್ನು ನಡುವೆ ಸೀಳಿ, ಕೋಶದ ಬೀಜಕ್ಕೆ, ಅಂದರೆ ನ್ಯೂಕ್ಲಿಯಸ್ಸಿಗೆ, ಹೊಳೆಯುವ ಬಣ್ಣ ಹಾಕಿ ನೋಡಿದೆ. ಸಣ್ಣ ತೂತಿನದರಲ್ಲಿ ಕೋಶಗಳೆಲ್ಲ ಮೇಲಿನ ಪದರದಲ್ಲಿ ಕಂಬಳಿ ಹೊದ್ದ ಹಾಗೆ ಕೂತಿದ್ದವು, ಒಳಗೆ ಕತ್ತಲು. ದೊಡ್ಡ ತೂತಿನದರಲ್ಲಿ ಕೆಳಗಿನ ತನಕ ನಕ್ಷತ್ರ ಚೆಲ್ಲಿದ ಹಾಗೆ. ಆ ಒಂದು ಚಿತ್ರಕ್ಕೆ ಒಂದು ವರ್ಷ ಹಿಡಿದಿತ್ತು. ನಾವು ಮಾಡುವುದು ವಸ್ತುವನ್ನಲ್ಲ, ಜಾಗವನ್ನು. ಇದು ನನಗೆ ನಿಜವಾಗಿ ಅರ್ಥವಾಗಿದ್ದು ಅವತ್ತೇ.

ಆ ಉತ್ಸಾಹದಲ್ಲಿ ಅಲಿಜರಿನ್ ರೆಡ್ ಮಾಡಿದೆ. ಕೋಶಗಳು ಕ್ಯಾಲ್ಸಿಯಂ ಕಟ್ಟಿದ ಕಡೆ ಕೆಂಪು ಹಿಡಿಯುವ ಬಣ್ಣ ಅದು. ಬಿಲ್ಲೆಯ ನೀಲಿಯೇ ಕಾಣದಷ್ಟು ಕಡುಕೆಂಪು ಬಂತು. ಫೋಟೋ ತೆಗೆದು ಓಡಿಹೋಗಿ ತೋರಿಸಿದೆ. ಗೈಡ್ ಮೇಡಂ ನೋಡಿ ಒಂದೇ ಪ್ರಶ್ನೆ ಕೇಳಿದರು. "ಕೋಶ ಹಾಕದ ಬಿಲ್ಲೆಗೂ ಬಣ್ಣ ಹಾಕಿದ್ಯಾ?"

ಹಾಕಿರಲಿಲ್ಲ. ಹಾಕಿ ನೋಡಿದೆ. ಅದೂ ಅಷ್ಟೇ ಕೆಂಪು. ಬಿಲ್ಲೆಯಲ್ಲೇ ಹೈಡ್ರಾಕ್ಸಿಅಪಟೈಟ್ ಇದೆ, ಅದರಲ್ಲೇ ಕ್ಯಾಲ್ಸಿಯಂ ಇದೆ, ಕೆಂಪಾಗದೆ ಇನ್ನೇನು. ಕೋಶ ಕಟ್ಟಿದ್ದು ಎಷ್ಟು, ನಾನು ಹಾಕಿದ್ದು ಎಷ್ಟು ಅಂತ ಆ ಬಣ್ಣಕ್ಕೆ ಗೊತ್ತಾಗುವುದಿಲ್ಲ. ಬಣ್ಣವನ್ನು ಕರಗಿಸಿ ತೆಗೆದು, ಖಾಲಿ ಬಿಲ್ಲೆಯದನ್ನು ಕಳೆದು ಲೆಕ್ಕ ಹಾಕಿದಾಗ ಉಳಿದದ್ದು ತುಂಬಾ ಕಡಿಮೆ. ಎಂಜಿ-63 ಕ್ಯಾಲ್ಸಿಯಂ ಕಟ್ಟುವುದರಲ್ಲಿ ಅಷ್ಟು ಚುರುಕೂ ಅಲ್ಲ. ಈ ಕ್ಷೇತ್ರದಲ್ಲಿ ಹೊಸದಾಗಿ ಬರುವವರಿಗೆ ಕೈಮುಗಿದು ಹೇಳುತ್ತೇನೆ, ಯಾವ ಪರೀಕ್ಷೆ ಮಾಡಿದರೂ ಖಾಲಿ ಬಿಲ್ಲೆಯನ್ನು ಜೊತೆಗೆ ಇಡಿ. ಕೆಂಪು ಕಂಡರೆ ನಂಬಿಬಿಡಬೇಡಿ. ಈ ವಸ್ತು ನಾಳೆ ಒಬ್ಬರ ಕಾಲಿನೊಳಗೆ ಹೋಗಬೇಕಾದ್ದು.

ಕೊನೆಗೆ ಗಟ್ಟಿತನ. ಮೂಳೆಯ ಒಳಗಿನ ಸ್ಪಂಜಿನಂಥ ಭಾಗ ಸುಮಾರು 2ರಿಂದ 12 ಮೆಗಾಪ್ಯಾಸ್ಕಲ್ ಒತ್ತಡ ತಡೆಯುತ್ತದೆ. ಹೊರಗಿನ ಗಟ್ಟಿ ಮೂಳೆ 100ಕ್ಕೂ ಮೇಲೆ. ನನ್ನ ಬಿಲ್ಲೆ 1 ಕೂಡ ಮುಟ್ಟಲಿಲ್ಲ. ತೂತು ಜಾಸ್ತಿ ಮಾಡಿದಷ್ಟೂ ಗಟ್ಟಿತನ ಕಡಿಮೆಯಾಗುತ್ತದೆ, ಗಟ್ಟಿ ಮಾಡಿದರೆ ಕೋಶಕ್ಕೆ ದಾರಿ ಇಲ್ಲ. ಈ ಎಳೆದಾಟ ನಮ್ಮ ಲ್ಯಾಬಿನದು ಮಾತ್ರ ಅಲ್ಲ, ಎಲ್ಲರದ್ದೂ. ಅದಕ್ಕಿಂತ ದೊಡ್ಡದು ರಕ್ತದ ಪ್ರಶ್ನೆ. ರಕ್ತನಾಳದಿಂದ 200 ಮೈಕ್ರಾನಿಗಿಂತ ದೂರ ಇದ್ದರೆ ಕೋಶಕ್ಕೆ ಆಮ್ಲಜನಕ ಸಾಲುವುದಿಲ್ಲ. ಸಣ್ಣ ಕುಳಿಗೆ ತುಂಬಿದರೆ ಪಕ್ಕದ ಮೂಳೆಯಿಂದ ನಾಳಗಳು ಬರುತ್ತವೆ, ಮೂರು ನಾಲ್ಕು ಸೆಂಟಿಮೀಟರ್ ಮೂಳೆಯೇ ಹೋಗಿದ್ದರೆ ಒಳಗಿನ ಕೋಶಗಳು ನಾಳ ಬರುವ ತನಕ ಬದುಕಿರುವುದಿಲ್ಲ. ಮುಂದೆ ಮೊಲಗಳಲ್ಲಿ ನೋಡಬೇಕು, ಅದಕ್ಕೆ ನೈತಿಕ ಸಮಿತಿಗೆ ಅರ್ಜಿ ಕೊಟ್ಟಿದ್ದೇವೆ.

ದೀಪಾವಳಿಗೆ ಊರಿಗೆ ಹೋದಾಗ ಒಂದು ಬಿಲ್ಲೆಯನ್ನು ಸಣ್ಣ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿಕೊಂಡು ಹೋದೆ. ಜೆನಿಪಿನ್ ಹಾಕಿ, ತೊಳೆದು, ಮತ್ತೆ ಒಣಗಿಸಿದ ನೀಲಿಯದು. ಚಿಕ್ಕಪ್ಪ ಊಟ ಮುಗಿಸಿ ಜಗಲಿಯಲ್ಲಿ ಎಲೆ ಅಡಿಕೆ ತಟ್ಟೆ ಮುಂದಿಟ್ಟುಕೊಂಡು ಕೂತಿದ್ದರು. ಅಂಗೈ ಮೇಲೆ ಇಟ್ಟೆ.

"ತೂಕವೇ ಇಲ್ಲವಲ್ಲೇ. ಇದನ್ನ ನನ್ನ ಕಾಲಿಗೆ ಹಾಕಬಹುದಿತ್ತಾ?"

"ಇಲ್ಲ ಚಿಕ್ಕಪ್ಪ. ಇದು ಇನ್ನೂ ಭಾರ ತಡೆಯೋದಿಲ್ಲ. ರಾಡ್ ಹೇಗೂ ಬೇಕು. ಯಾರಿಗೂ ಹಾಕೋ ಹಂತಕ್ಕೆ ಬಂದಿಲ್ಲ."

ಅವರು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದರು, ಕುಳಿ ಬಿತ್ತು. ಚೊಂಬಿನಿಂದ ಒಂದು ಹನಿ ನೀರು ಬೆರಳಲ್ಲಿ ತೆಗೆದು ಮೇಲೆ ಬಿಟ್ಟರು. ಹನಿ ನಿಲ್ಲಲೇ ಇಲ್ಲ, ಒಂದು ಕ್ಷಣದಲ್ಲಿ ಒಳಗೆ ಹೋಯಿತು. ಕುಳಿ ಬಿದ್ದ ಜಾಗ ಮೆಲ್ಲಗೆ ಮೇಲೆದ್ದಿತು. ಅದನ್ನು ನೋಡಿ ಅವರು ಇನ್ನೊಂದು ಹನಿ ಬಿಟ್ಟರು.

"ಯಾವುದರಲ್ಲಿ ಮಾಡಿದ್ದು?"

"ಮೊಟ್ಟೆ ಚಿಪ್ಪು ಸುಟ್ಟು ಸುಣ್ಣ ಮಾಡಿ, ಅದರಿಂದ."

ಚಿಕ್ಕಪ್ಪ ತಟ್ಟೆಯಲ್ಲಿದ್ದ ಸುಣ್ಣದ ಡಬ್ಬಿ ತೆಗೆದು ಬಿಲ್ಲೆಯ ಪಕ್ಕಕ್ಕೆ ಇಟ್ಟರು. ಎರಡನ್ನೂ ಒಂದರ ನಂತರ ಒಂದು ಮೂಸಿ ನೋಡಿದರು.

"ಇದರಲ್ಲಿ ಸುಣ್ಣದ ವಾಸನೆಯೇ ಇಲ್ಲವಲ್ಲ."

"ಇರಬಾರದು ಚಿಕ್ಕಪ್ಪ. ಇದ್ದರೆ ಹಾಲಿನ ಹಾಗೆ ಒಡೆದುಹೋಗುತ್ತೆ."

ಅವರು ಎಲೆಗೆ ಸುಣ್ಣ ಹಚ್ಚುತ್ತಾ, ಅದು ಹೇಗೆ ಒಡೆಯುತ್ತದೆ, ಮೊದಲಿಂದ ಹೇಳು ಅಂದರು. ನಾನು ಮೆಸ್ಸಿನ ಬಕೆಟ್ಟಿನಿಂದ ಶುರು ಮಾಡಿದೆ.